ಆನಂದಪ್ಪನ ಸೊಂಟವೂ ಸೊರಬದ ಸಿಡಿಲೂ

ನಮ್ಮ ಶಿಕಾರಿಪುರದಲ್ಲಿ ಮನುಷ್ಯ ಏನು ಬೇಕಾದರೂ ಮಾಡಬಹುದು, ಹಾಸಿಗೆ ಮಾತ್ರ ಹಿಡಿಯಬಾರದು. ಎದ್ದು ಓಡಾಡುವವನ ಕಡೆ ಇಲ್ಲಿ ಯಾರೂ ತಿರುಗಿ ನೋಡುವುದಿಲ್ಲ. ಮಲಗಿದ್ದಾನೆ ಎಂಬ ಸುದ್ದಿ ಹೊರಟರೆ ಸಾಕು, ಒಂದು ಪೌಂಡು ಬ್ರೆಡ್ಡು, ಒಂದು ಚಿಪ್ಪು ಬಾಳೆಹಣ್ಣು ಹಿಡಿದುಕೊಂಡು ಮಾತಾಡಿಸಲು ಬಂದೇ ಬರುತ್ತಾರೆ. ಬಂದವರು ಎರಡು ಮಾತಾಡಿ ಎದ್ದು ಹೋಗುವವರಲ್ಲ. ಇದನ್ನು ನಾನು ಸಿಟ್ಟಿನಿಂದಲೇ ಹೇಳುತ್ತಿದ್ದೇನೆ. ಪಕ್ಕದ ಮನೆಯ ಆನಂದಪ್ಪನಿಗೆ ಆದದ್ದನ್ನು ಮೊದಲಿನಿಂದ ಕೊನೆಯವರೆಗೆ ಕಣ್ಣಾರೆ ಕಂಡವನು ನಾನು.

ಆನಂದಪ್ಪ ಶಿಕಾರಿಪುರದಿಂದ ಸೊರಬಕ್ಕೆ ಹೋಗುವ ಖಾಸಗಿ ಬಸ್ಸಿನ ಕಂಡಕ್ಟರ್. ಬಸ್ಸು ನಾಗರಾಜಪ್ಪ ಸಾವ್ಕಾರರದು, ಆದರೆ ದಾರಿಯ ಜನ ಅದನ್ನು ಆನಂದಪ್ಪನ ಬಸ್ಸು ಎಂದೇ ಕರೆಯುತ್ತಾರೆ. ಬಳ್ಳಿಗಾವಿಯ ಅಜ್ಜಿ ಯಾವ ಸೊಸೆಯ ಮೇಲೆ ಮುನಿಸಿಕೊಂಡು ಬಸ್ಸು ಹತ್ತಿದ್ದಾಳೆ, ತೊಗರ್ಸಿಯ ಯಾವ ಹುಡುಗಿಗೆ ಯಾವ ಕಾಲೇಜಿನ ಬೆಲ್ಲಿಗೆ ಇಳಿಯಬೇಕು, ಎಲ್ಲ ಅವನಿಗೆ ಗೊತ್ತು. ಓಡುವ ಬಸ್ಸಿನಲ್ಲಿ ಅವನು ಕೂತದ್ದನ್ನು ಕಂಡವರಿಲ್ಲ. ಸೀಟು ಖಾಲಿಯಿದ್ದರೂ ಬಾಗಿಲ ಕಂಬ ಹಿಡಿದು ನಿಂತು "ರೈಟ್" ಎನ್ನುತ್ತಾನೆ. ಆ ಒಂದು ಮಾತಿಗೆ ಇಡೀ ಬಸ್ಸು ಹೊರಡುತ್ತದಲ್ಲ, ಅದೇ ಅವನ ಬದುಕಿನ ಸುಖ. ಬೇರೆ ಸುಖ ಅವನು ಕೇಳಿದವನೂ ಅಲ್ಲ.

ಅವನಿಗೆ ಒಂದೇ ಒಂದು ಜಂಬವಿತ್ತು, ತಲೆಗೂದಲಿನದು. "ನಮ್ಮ ವಂಶದಾಗ ಯಾರಿಗೂ ನರೆ ಬಂದಿಲ್ರೀ" ಎಂದು ಬಸ್ಸಿನಲ್ಲಿ ಸಾರಿಕೊಂಡು ಬರುತ್ತಿದ್ದ. ನರೆ ಬಂದಿತ್ತು. ಬಚ್ಚಲ ಬಾಗಿಲು ಹಾಕಿಕೊಂಡು ಅವನು ಬಣ್ಣ ಹಚ್ಚಿಕೊಳ್ಳುತ್ತಿದ್ದದ್ದು ಹೆಂಡತಿ ಮಾಲಾಗೆ ಮಾತ್ರ ಗೊತ್ತಿತ್ತು. ಮಾಲಾಗೆ ಗೊತ್ತಿದ್ದದ್ದು ನನ್ನ ಹೆಂಡತಿಗೆ ಗೊತ್ತಾಗದೆ ಇರುವುದಿಲ್ಲ, ಆದ್ದರಿಂದ ನನಗೂ ಗೊತ್ತಿತ್ತು. ನಾವು ಮಾನವಂತರು, ಯಾರಿಗೂ ಹೇಳಿರಲಿಲ್ಲ.

ಈ ಸಲ ದೀಪಾವಳಿಗೆ ಅವನು ತಲೆ ಸಣ್ಣಗೆ ಕತ್ತರಿಸಿಕೊಂಡ. ಹಳೆಯ ಕಪ್ಪೆಲ್ಲ ಕ್ಷೌರದಂಗಡಿಯ ನೆಲಕ್ಕೆ ಬಿತ್ತು, ಉಳಿದದ್ದು ಬೆಳ್ಳಗೆ ಚಿಗುರಿದ ತಲೆ. ಬಣ್ಣ ಹಚ್ಚಲು ಪುರುಸೊತ್ತಾಗದೆ, ಟೋಪಿ ಹಾಕಿಕೊಂಡು ಸೊರಬದ ಹತ್ತಿರದ ಊರಿಗೆ ಹೋರಿ ಹಬ್ಬ ನೋಡಲು ಹೋದ. ನೋಡಲು, ಅಷ್ಟೆ. ಅಲಂಕಾರ ಮಾಡಿದ ಹೋರಿಗಳನ್ನು ಜನರ ನಡುವೆ ಓಡಿಸುತ್ತಾರೆ, ಗಂಡುಗಲಿಗಳು ಮೇಲೆ ಬಿದ್ದು ಅದರ ಕೊರಳಿನ ಕೊಬ್ಬರಿ ಹಾರ ಹರಿಯುತ್ತಾರೆ. ನಮ್ಮ ಗಂಡುಗಲಿ ಬೇಲಿಯಾಚೆ ಟ್ರಾಕ್ಟರಿನ ಟ್ರೇಲರ್ ಹತ್ತಿ, ಮಂಡಕ್ಕಿ ತಿನ್ನುತ್ತ ನಿಂತಿದ್ದು, ಚೆನ್ನಾಗಿಯೇ ಮನೆಗೆ ಬಂದ.

ಮಾರನೆಯ ದಿನ ಬೆಳಿಗ್ಗೆ ಬಚ್ಚಲಲ್ಲಿ ತಲೆಯ ಎಡಭಾಗಕ್ಕೆ ಬಣ್ಣ ಹಚ್ಚಿ ಮುಗಿಸಿದ್ದ. ಅಷ್ಟರಲ್ಲಿ ಹೊರಗಿನಿಂದ "ಆನಂದಪ್ಪಾ, ಅದೀಯೇನು?" ಎಂದು ನಾಗರಾಜಪ್ಪ ಸಾವ್ಕಾರರ ದನಿ ಕೇಳಿತು. ಗಾಬರಿಗೆ ಬ್ರಶ್ಶು ಕೈಜಾರಿ ಬಿತ್ತು. ಎತ್ತಿಕೊಳ್ಳಲು ಸರ್ರನೆ ಬಗ್ಗಿದ. ಸೊಂಟದಲ್ಲಿ ಚಳಕ್ ಎಂದಿತು. ಬಗ್ಗಿದವನು ಬಗ್ಗಿದಂತೆಯೇ ಉಳಿದ.

ಮಾಲಾ ಅವನ ತಲೆಗೊಂದು ಟವೆಲ್ಲು ಸುತ್ತಿ ನನ್ನನ್ನು ಕರೆದಳು. ಇಬ್ಬರೂ ಸೇರಿ ಅವನನ್ನು ನಡುಮನೆಯ ಮಂಚಕ್ಕೆ ತಂದು ಹಾಕಿದೆವು. ಸಾವ್ಕಾರರು ಗಾಬರಿಯಾದರು.

"ಏನಾತಲೇ? ನಿನ್ನೆ ಹೋರಿ ನೋಡಾಕ ಹೋಗಿದ್ದೆಲ್ಲ, ಹೋರಿ ಏನರ ಹಾಯ್ತೇನು?"

ಆನಂದಪ್ಪ ಮಾಲಾಳ ಮುಖ ನೋಡಿದ. ಟವೆಲ್ಲಿನ ಅಂಚಿನಿಂದ ಕಪ್ಪು ಹನಿ ಕಿವಿಯ ಹಿಂದೆ ಇಳಿಯುತ್ತಿತ್ತು. ಸತ್ಯ ಹೇಳಿದರೆ ಸಂಜೆಯೊಳಗೆ ಸೊರಬದವರೆಗೂ ಬಣ್ಣದ ಸುದ್ದಿ ಮುಟ್ಟುತ್ತದೆ.

"ಹ್ಞೂಂ" ಎಂದ.

ಅವನು ಹೇಳಿದ ಸುಳ್ಳು ಅಷ್ಟೇ. ಅದಕ್ಕೆ ಸಿಕ್ಕ ಶಿಕ್ಷೆಯನ್ನು ನೆನೆದರೆ ಇವತ್ತಿಗೂ ನನಗೆ ಸಂಕಟವಾಗುತ್ತದೆ.

ಡಾಕ್ಟರ್ ಶ್ರೀಲತಾ ಅವರಿಗೆ ಮಾತ್ರ ಅವನು ನಿಜ ಹೇಳಿದ. ಆಕೆ ಬೆನ್ನು ಒತ್ತಿ, ಕಾಲು ಎತ್ತಿಸಿ ನೋಡಿ ನಕ್ಕರು. "ಸ್ನಾಯು ಹಿಡಿದಿದೆ, ಮೂಳೆಗೆ ಏನೂ ಆಗಿಲ್ಲ. ಎರಡು ದಿನ ರೆಸ್ಟ್ ಮಾಡಿ. ಆಮೇಲೆ ಎದ್ದು ಮನೆಯೊಳಗೇ ಸ್ವಲ್ಪ ಸ್ವಲ್ಪ ನಡೀರಿ. ನೋವಿದೆ ಅಂತ ಮಲಗೇ ಇದ್ರೆ ಸೊಂಟ ಮರಗಟ್ಟುತ್ತೆ, ಆಮೇಲೆ ಕಷ್ಟ. ಒಂದೇ ಕಡೆ ಬಹಳ ಹೊತ್ತು ಕೂತ್ಕೋಬೇಡಿ" ಎಂದರು. ಎಕ್ಸ್‌ರೇ ಬೇಡವೆಂದರು. ಇಂಜೆಕ್ಷನ್ನೂ ಕೊಡಲಿಲ್ಲ. ಆಕೆಯ ಮೇಲೆ ನಮ್ಮ ಓಣಿಗೆ ನಂಬಿಕೆ ಹೋದದ್ದು ಅಲ್ಲಿಯೇ.

ಅಂದು ಬೆಳಗಿನ ಟ್ರಿಪ್ಪಿಗೆ ಸಾವ್ಕಾರರು ಶರತ್ ಎಂಬ ತರುಣನನ್ನು ಬದಲಿ ಕಂಡಕ್ಟರ್ ಆಗಿ ಕಳಿಸಿದರು. ಆನಂದಣ್ಣ ಎಲ್ಲಿ ಎಂದು ಕೇಳಿದವರಿಗೆಲ್ಲ ಅವನು "ಹೋರಿ ಹಾಯ್ದೈತ್ರೀ" ಎಂದು ಟಿಕೆಟ್ಟಿನ ಜೊತೆಗೇ ಹೇಳಿ ಕೊಟ್ಟ. ಮಧ್ಯಾಹ್ನದ ಹೊತ್ತಿಗೆ ಶಿರಾಳಕೊಪ್ಪದಿಂದ ಬ್ರೆಡ್ಡು ಬರಲು ಸುರುವಾಯಿತು.

"ಯಾವ ಹೋರಿರೀ?" ಎಂದು ಮೊದಲು ಬಂದವರೇ ಕೇಳಿದರು.

ಆನಂದಪ್ಪನಿಗೆ ಹೋರಿಗಳ ಪೈಕಿ ನೆನಪಿದ್ದದ್ದು ಒಂದೇ ಹೆಸರು. ಮೈಕಿನವನು ಹಬ್ಬದ ದಿನವಿಡೀ ಅದನ್ನೇ ಕೂಗಿದ್ದ. "ಸೊರಬದ ಸಿಡಿಲು" ಎಂದುಬಿಟ್ಟ.

ಬಂದವರು ಬ್ರೆಡ್ಡು ಕೆಳಗಿಟ್ಟು ಮಂಚದ ಹತ್ತಿರ ಸರಿದರು. ಸೊರಬದ ಸಿಡಿಲು ಎಂದರೆ ಮಾಳೇಶ ಎಂಬ ಕುರಿ ಸಾಕುವವನ ಹೋರಿ. ಅದು ಅಖಾಡಕ್ಕೆ ಇಳಿದ ಮೇಲೆ ಇವತ್ತಿನವರೆಗೆ ಒಬ್ಬನೂ ಅದರ ಮೈಗೆ ಕೈ ಹಚ್ಚಿಲ್ಲ, ಹಾರ ಹರಿಯುವುದಂತೂ ದೂರ. ಹಾಗಿದ್ದ ಮೇಲೆ ಆನಂದಪ್ಪನ ಸೊಂಟ ಬರಿಯ ಸೊಂಟವಾಗಿ ಉಳಿಯಲಿಲ್ಲ. ಅದೊಂದು ಪ್ರಶ್ನೆಯಾಯಿತು. ಅವನು ಸಿಡಿಲನ್ನು ಮುಟ್ಟಿದನೋ, ಇಲ್ಲವೋ?

ಮುಟ್ಟಿದ ಎಂದರು ಶಿಕಾರಿಪುರದವರು. ಮುಟ್ಟದೆ ಹಾಯುವುದಕ್ಕೆ ಹೋರಿಗೇನು ಹುಚ್ಚೇ? ಹತ್ತಿರ ಬರುವುದಕ್ಕೂ ಬಿಟ್ಟಿಲ್ಲ, ಕೊಂಬಿನಲ್ಲಿ ಎತ್ತಿ ಒಗೆದಿದೆ ಎಂದರು ಸೊರಬದವರು. ಎರಡೂ ಕಡೆಯ ಅಭಿಮಾನಿಗಳು ಬಂದು ಮಂಚದ ಆಕಡೆ ಈಕಡೆ ಕೂತರು. ಮಾಲಾ ಚಹಾ ಸೋಸಿ ಸೋಸಿ ಸುಸ್ತಾದಳು.

"ಖರೇ ಹೇಳ್ರಿ ಆನಂದಣ್ಣ, ಹಾರಕ್ಕ ಕೈ ಹಾಕಿದ್ರಿ ಹೌದಲ್ಲೋ?" ಎಂದು ಈಕಡೆಯವರು.

"ಎಂತ ಕೈ ಹಾಕೋದು ಮಾರಾಯ್ರೆ, ಆ ಸೊಂಟ ನೋಡಿ. ಕೈ ಹಾಕಿದೋರ ಸೊಂಟ ಹಿಂಗಿರ್ತೈತಾ?" ಎಂದು ಆಕಡೆಯವರು.

ನಡುವೆ ಮಲಗಿದ್ದವನು "ಸ್ವಲ್ಪ ಮಗ್ಗುಲಾಗಬೇಕ್ರೀ" ಎಂದ. ಯಾರೂ ಕೇಳಿಸಿಕೊಳ್ಳಲಿಲ್ಲ.

ಮೂರನೆಯ ದಿನ ಬಂತು. ಡಾಕ್ಟರು ಹೇಳಿದಂತೆ ಆನಂದಪ್ಪ ಕಾಲು ಕೆಳಗಿಟ್ಟ, ಗೋಡೆ ಹಿಡಿದು ಎದ್ದು ನಿಂತ. ನೋವಿತ್ತು, ಆದರೂ ಮುಖದಲ್ಲಿ ನಗೆ ಕಂಡಿತು. ಎರಡು ಹೆಜ್ಜೆ ಇಟ್ಟ. ಬಾಗಿಲಲ್ಲಿ ಬ್ರೆಡ್ಡು ಹಿಡಿದು ಬಂದ ಶಿರಾಳಕೊಪ್ಪದ ನಾಲ್ಕು ಜನ "ಅಯ್ಯಯ್ಯೋ!" ಎಂದು ಕೂಗುತ್ತ ಓಡಿಬಂದು, ಹೆಗಲು ಹಿಡಿದು, ಎತ್ತಿ ಮತ್ತೆ ಮಂಚಕ್ಕೇ ಹಾಕಿದರು.

"ಏನ್ರೀ ಅಕ್ಕಾರೆ, ಹೋರಿ ಹಾಯ್ದ ಮನಷ್ಯಾನ್ನ ಅಡ್ಡಾಡಾಕ ಬಿಟ್ಟೀರಲ್ಲ!"

"ಡಾಕ್ಟರು ನಡೀಬೇಕು ಅಂದಾರಣ್ಣ" ಎಂದಳು ಮಾಲಾ.

"ಯಾವ ಡಾಕ್ಟರ್ರೀ? ಒಂದು ಎಕ್ಸ್‌ರೇನೂ ತೆಗಸದ ಡಾಕ್ಟರು?"

ಮಾಲಾ ಚಹಾಕ್ಕೆ ನೀರಿಡಲು ಒಳಗೆ ಹೋದಳು. ಅಂದಿನಿಂದ ಅದೇ ಕತೆ. ಅವನು ಏಳುವುದು, ಬಂದವರು ಮಲಗಿಸುವುದು. ಬಚ್ಚಲಿಗೆ ಹೋಗಬೇಕಾದರೂ ಕಾವಲಿನವರ ಅಪ್ಪಣೆ ಬೇಕಾಯಿತು. ಈಕಡೆಯವರಿಗೆ ಅವನು ಮಲಗಿದಷ್ಟೂ ದೊಡ್ಡ ಗಂಡುಗಲಿ, ಆಕಡೆಯವರಿಗೆ ಅವನು ಮಲಗಿದಷ್ಟೂ ದೊಡ್ಡ ಹೋರಿ. ಎರಡು ತಾಲ್ಲೂಕಿನಲ್ಲಿ ಅವನು ಗುಣವಾಗಲಿ ಎಂದು ಬಯಸಿದ ಮನುಷ್ಯರು ಮೂರೋ ನಾಲ್ಕೋ ಇದ್ದಿರಬೇಕು, ಅದರಲ್ಲಿ ಒಬ್ಬ ಅವನೇ.

ಔಷಧಿಗೆ ಕೊರತೆಯಿರಲಿಲ್ಲ. ಲಕ್ಕಿಸೊಪ್ಪು ಬೇಯಿಸಿ ಒಬ್ಬರು ಕಟ್ಟಿದರು, ಅದನ್ನು ಬಿಚ್ಚಿ ಬಿಸಿ ಇಟ್ಟಿಗೆ ಇನ್ನೊಬ್ಬರು ಇಟ್ಟರು. ಮಾಳೇಶನ ತಾಯಿ ಹಾಲಮ್ಮ ಸೊರಬದ ಕಡೆಯಿಂದ ಖುದ್ದಾಗಿ ಬಂದಳು. ಹುಟ್ಟುವಾಗ ಕಾಲು ಮುಂದಾಗಿ ಹುಟ್ಟಿದವಳಂತೆ. ಅಂಥವರು ಕಾಲಲ್ಲಿ ನೀವಿದರೆ ಉಳುಕು ಬಿಡುತ್ತದೆ ಎಂದು ನಮ್ಮ ಕಡೆ ಎಲ್ಲರೂ ನಂಬುತ್ತಾರೆ. ಹಾಲಮ್ಮ ಧಡೂತಿ ಹೆಂಗಸು.

"ನಮ್ಮ ಹೋರಿ ಮಾಡಿದ್ದಕ್ಕೆ ನಾನೇ ನೀವ್ತೀನಿ ತಮ್ಮಾ, ಬೋರಲು ಮಲ್ಕ" ಎಂದು ಗೋಡೆ ಹಿಡಿದು, ಬೆನ್ನ ಮೇಲೆ ಕಾಲಿಟ್ಟಳು. ಆನಂದಪ್ಪ ಹಾಕಿದ ಕೂಗಿಗೆ ನಮ್ಮ ಮನೆಯ ಬೆಕ್ಕು ಸೂರು ಹತ್ತಿತು. ಆ ಒದ್ದಾಟದಲ್ಲಿ ತಲೆಯ ಟವೆಲ್ಲು ಬಿಚ್ಚಿಹೋಯಿತು.

ಎಡಭಾಗ ಕಾಡಿಗೆಯಷ್ಟು ಕಪ್ಪು, ಬಲಭಾಗ ಹತ್ತಿಯಷ್ಟು ಬಿಳಿ. ಇನ್ನರ್ಧ ಹಚ್ಚಿಬಿಡೋಣ ಎಂದು ಮಾಲಾ ಕಾಯುತ್ತಲೇ ಇದ್ದಳು. ಮನೆ ಒಂದು ಗಳಿಗೆಯೂ ಖಾಲಿಯಾಗಿರಲಿಲ್ಲ, ಬಟ್ಟಲಿನ ಬಣ್ಣ ಒಣಗಿ ಹೋಗಿತ್ತು.

ಮುಗಿಯಿತು ಇವನ ಮಾನ ಎಂದುಕೊಂಡೆ. ಹಾಲಮ್ಮ ಗಲ್ಲದ ಮೇಲೆ ಕೈಯಿಟ್ಟುಕೊಂಡಳು. "ಅಯ್ಯೋ ನನ್ನಪ್ಪಾ! ಹೆದರಿಕೆಗೆ ಅರ್ಧ ತಲೆ ಬೆಳ್ಳಗಾಗಿ ಹೋಗೈತಲ್ಲೋ!"

ಸೊರಬದವರು ಚಪ್ಪಾಳೆ ಹೊಡೆದರು. ನೋಡಿದವನ ಕೂದಲನ್ನೇ ಬೆಳ್ಳಗೆ ಮಾಡುವ ಹೋರಿ! ಶಿಕಾರಿಪುರದವರು ಬಿಡಲಿಲ್ಲ. ಇನ್ನರ್ಧ ಕಪ್ಪಗೇ ಉಳಿದಿದೆ, ಅಷ್ಟು ಧೈರ್ಯ ಬೇರೆ ಯಾರಿಗಿದೆ ಎಂದರು. ತಲೆಯ ಫೋಟೊ ಫೋನಿನಿಂದ ಫೋನಿಗೆ ಹೋಯಿತು. ಮರುದಿನ ಬ್ರೆಡ್ಡಿನ ಜೊತೆಗೆ ಮಕ್ಕಳನ್ನೂ ಕರೆತಂದರು, ತಲೆ ತೋರಿಸಲು.

ಹೀಗೆ ಮಲಗಿ ಮಲಗಿ ಆನಂದಪ್ಪನ ಸೊಂಟ ಡಾಕ್ಟರು ಹೇಳಿದಂತೆಯೇ ಮರಗಟ್ಟುತ್ತ ಬಂತು. ಮೊದಲು ಬಗ್ಗಿದರೆ ನೋಯುತ್ತಿತ್ತು, ಈಗ ಮಗ್ಗುಲಾದರೂ ನೋಯತೊಡಗಿತು. ಅದರ ಮೇಲೆ ನಾಗರಾಜಪ್ಪ ಸಾವ್ಕಾರರು ಬಂದು ಕುರ್ಚಿ ಎಳೆದುಕೊಂಡು ಕೂತರು.

"ನೋಡು ಆನಂದಪ್ಪ, ನಿನ್ನ ಬ್ಯಾಡ ಅನ್ನಾಕ ನನಗ ಮನಸ್ಸಿಲ್ಲ. ಆದರ ಆ ಹುಡುಗ ಶರತ್, ಖಾಯಂ ಮಾಡ್ರಿ, ಇಲ್ಲಾಂದ್ರ ಬ್ಯಾರೆ ಬಸ್ಸಿಗೆ ಹೊಕ್ಕೀನಿ ಅಂತಾನ. ಬರೋ ಸೋಮವಾರ ನೀನು ನಿನ್ನ ಕಾಲ ಮ್ಯಾಲ ನಿಂತು ಬಸ್‌ಸ್ಟ್ಯಾಂಡಿಗೆ ಬಂದ್ರ ಕೆಲಸ ನಿಂದು. ಬರಲಿಲ್ಲಂದ್ರ ನನ್ನ ಬೈಬ್ಯಾಡ."

"ಬರ್ತೀನ್ರಿ ಸಾವ್ಕಾರ್ರೆ. ಇವರು ಏಳಾಕ ಬಿಟ್ರ ಬರ್ತೀನಿ" ಎಂದ ಆನಂದಪ್ಪ. ಎದ್ದು ತೋರಿಸಲು ಹೊರಟ. ಇಬ್ಬರು ಬಂದು ಅದುಮಿ ಮಲಗಿಸಿದರು. ಸಾವ್ಕಾರರು ತಲೆಯಲ್ಲಾಡಿಸುತ್ತ ಹೋದರು.

ಅವರು ಹೋದ ಮೇಲೆ ನನ್ನ ಕೈ ಹಿಡಿದುಕೊಂಡ. "ಬಾಗಲ ಕಂಬ ಹಿಡಕೊಂಡು ನಿಲ್ಲೋದು ಬಿಟ್ರ ನನಗ ಏನು ಬರ್ತೈತಿ ಹೇಳ್ರಿ ಅಣ್ಣಾರೆ? ಹೊಲ ಇಲ್ಲ, ಸ್ವಂತ ಮನಿ ಇಲ್ಲ, ವಿದ್ಯಾ ಇಲ್ಲ. ನನ್ನನ್ನ ನಡಿಯಾಕ ಬಿಡ್ರಿ ಅಂತ ಇವರಿಗೆ ಹೇಳ್ರಿ" ಎಂದ. ಕಣ್ಣಲ್ಲಿ ನೀರಿತ್ತು. ನಾನು ಹೊರಗೆ ಬಂದು ಹೇಳಿದೆ. ಎರಡೂ ಕಡೆಯವರು ಒಂದಾಗಿ ನನ್ನನ್ನೇ ಬೈದರು. ಅವರು ಒಂದಾದದ್ದು ಅದೇ ಮೊದಲ ಸಲ.

ಸೋಮವಾರದ ಹಿಂದಿನ ದಿನ, ಭಾನುವಾರ ಬೆಳಿಗ್ಗೆ ಓಣಿಯ ಬಾಯಿಗೆ ಒಂದು ಗೂಡ್ಸ್ ಗಾಡಿ ಬಂದು ನಿಂತಿತು. ಮಾಳೇಶ ಇಳಿದ. ಹಿಂದಿನ ಹಲಗೆ ತೆಗೆದು ಸೊರಬದ ಸಿಡಿಲನ್ನೂ ಇಳಿಸಿದ. ಬೆನ್ನಿಗೆ ಝೂಲದ ಬಟ್ಟೆ, ಕೊಂಬಿಗೆ ಬಲೂನು, ಕೊರಳಿಗೆ ಕೊಬ್ಬರಿ ಹಾರ.

"ತಪ್ಪು ಕಾಣಿಕೆ ಕೊಡ್ಸಕ್ಕೆ ತಂದೀನಿ. ಮೂಕಪ್ರಾಣಿ ತಾನು ಹಾಯ್ದವ್ರ ಮನೆ ಬಾಗ್ಲಿಗೆ ಬಂದು ತಲೆ ತಗ್ಸಿ ನಿಂತ್ರೆ ಬೇಗ ವಾಸಿ ಆಗ್ತೈತಂತೆ, ನಮ್ಮವ್ವ ಹೇಳಿದ್ಲು" ಎಂದ.

ಅವನ ಮಾತು ಮುಗಿಯುವಷ್ಟರಲ್ಲಿ ಓಣಿ ಖಾಲಿಯಾಗಿತ್ತು. ಹದಿನೈದು ದಿನದಿಂದ ಹಗಲೂ ಸಂಜೆ ಮಂಚದ ಸುತ್ತ ಕೂತು ಹೋರಿ ಹಿಡಿಯುವ ಪಟ್ಟು ವಿವರಿಸುತ್ತಿದ್ದ ಶೂರರೆಲ್ಲ ತಾರಸಿ ಹತ್ತಿದ್ದರು. ನಾನೂ ಹತ್ತಿದ್ದೆ. ಮಾಳೇಶನನ್ನು ಬಿಟ್ಟರೆ ಕೆಳಗೆ ಉಳಿದವನು ಓಡಲಾರದ ಆನಂದಪ್ಪ ಒಬ್ಬನೇ.

ಆನಂದಪ್ಪ ಎದ್ದ. ತಡೆಯಲು ಯಾರೂ ಇರಲಿಲ್ಲ. ಗೋಡೆ ಹಿಡಿದು, ಬಾಗಿಲು ಹಿಡಿದು, ಹೊಸಿಲು ದಾಟಿ ಹೊರಗೆ ಬಂದ. ಎದುರಿಗೆ ಸಿಡಿಲು ನಿಂತಿತ್ತು. ಅಖಾಡದಲ್ಲಿ ಬೆಂಕಿಯಾಗುವ ಹೋರಿ ಮನೆಯಲ್ಲಿ ಹಾಲಮ್ಮನ ಸೆರಗು ಹಿಡಿದು ರೊಟ್ಟಿ ಕೇಳುವ ಪ್ರಾಣಿ. ಅದು ಮೂಗು ಚಾಚಿ ಆನಂದಪ್ಪನ ತಲೆ ಮೂಸಿತು, ಬಿಳಿಯ ಭಾಗವನ್ನು ಒಮ್ಮೆ ನೆಕ್ಕಿತು. ಆನಂದಪ್ಪ ಹಿಡಿಯಲು ಬೇರೇನೂ ಸಿಗದೆ ಅದರ ಬೆನ್ನಿನ ಹಿಣಿಲಿನ ಮೇಲೆ ಕೈಯಿಟ್ಟ. ಹೋರಿ ಹೆಜ್ಜೆ ಹಾಕಿತು, ಇವನೂ ಹಾಕಿದ. ಓಣಿಯ ಆ ತುದಿಯವರೆಗೆ ಹೋದರು, ತಿರುಗಿ ಬಂದರು. ಹೋಗುವಾಗ ಬಗ್ಗಿದ್ದ ಬೆನ್ನು ಬರುವಾಗ ಅಷ್ಟಿಷ್ಟು ನೆಟ್ಟಗಾಗಿತ್ತು. ಇಷ್ಟು ದಿನ ಅವನಿಗೆ ಬೇಕಾಗಿದ್ದದ್ದು ಇದೇ. ತಾರಸಿಯ ಮೇಲೆ ನನಗೂ ಕಣ್ಣು ತುಂಬಿಬಂತು.

ಮನೆ ಮುಂದೆ ಬಂದಾಗ ಕಾಲು ಕಲ್ಲಿಗೆ ತಾಗಿ ಆನಂದಪ್ಪ ಮುಗ್ಗರಿಸಿದ. ಬೀಳದೆ ಇರಲು ಕೈಗೆ ಸಿಕ್ಕಿದ್ದನ್ನು ಹಿಡಿದುಕೊಂಡ. ಕೈಗೆ ಸಿಕ್ಕಿದ್ದು ಕೊಬ್ಬರಿ ಹಾರ. ಪಟ್ಟನೆ ಹರಿಯಿತು.

"ಹರದಾ! ಸಿಡಿಲಿನ ಹಾರ ಹರದಾ!" ಎಂದು ಶಿಕಾರಿಪುರದ ತಾರಸಿಗಳೆಲ್ಲ ಒಟ್ಟಿಗೆ ಕೂಗಿದವು. ಶಿಳ್ಳೆ, ಕುಣಿತ, ಮೊಬೈಲಿನಲ್ಲಿ ವಿಡಿಯೊ. ಮಾಳೇಶ ನೆಲದ ಮೇಲೆ ಚೆಲ್ಲಿದ್ದ ಕೊಬ್ಬರಿ ಬಟ್ಟಲು ಆರಿಸುತ್ತ ಹೆಂಗಸಿನಂತೆ ಅತ್ತ. "ನಾನೇ ತಂದು ನಿಲ್ಸಿ ಹರಿಸ್ಕಂಡ್ನಲ್ಲಪ್ಪಾ!"

ಆನಂದಪ್ಪನಿಗೆ ಅದನ್ನು ನೋಡಲಾಗಲಿಲ್ಲ. ಬಾಗಿಲ ಚೌಕಟ್ಟು ಹಿಡಿದು ನಿಂತು, ಬಸ್ಸಿನಲ್ಲಿ ಕೂಗುವ ದನಿಯಲ್ಲಿ ಕೂಗಿ ಹೇಳಿದ: "ಎಲ್ಲಾರೂ ಕೇಳ್ರಿ! ಈ ಹೋರಿ ನನಗ ಹಾಯ್ದಿಲ್ಲ. ನಾನು ಟ್ರೇಲರ್ ಮ್ಯಾಲ ಮಂಡಕ್ಕಿ ತಿನ್ನಾಕ ಹತ್ತಿದ್ದೆ. ಬಚ್ಚಲದಾಗ ತಲಿಗೆ ಬಣ್ಣ ಹಚ್ಚಿಕೊಳ್ಳಾಕ ಹೋಗಿ ಸೊಂಟ ಹಿಡಕೊಂಡಿದ್ದು. ನನಗ ನರೆ ಬಂದು ಬಾಳ ವರ್ಷ ಆತು!"

ಇಷ್ಟು ದೊಡ್ಡ ಸತ್ಯ ನಮ್ಮ ಓಣಿಯಲ್ಲಿ ಹಿಂದೆಂದೂ ಹೊರಬಿದ್ದಿರಲಿಲ್ಲ. ಮಾಳೇಶ ಎದ್ದು ಬಂದು ಅವನ ಕಾಲು ಮುಟ್ಟಿ ನಮಸ್ಕಾರ ಮಾಡಿದ.

"ನನ್ನ ಹೋರಿ ಮಾನ ಉಳ್ಸಕ್ಕೆ ನಿಮ್ಮ ತಲೆಗೇ ಸುಳ್ಳು ಕಟ್ಕಂತಿದೀರಲ್ಲ, ನೀವು ದೇವ್ರು ಆನಂದಣ್ಣ."

"ಸುಳ್ಳಲ್ಲೋ ಮಾರಾಯಾ! ಬೇಕಾದ್ರ ಬಣ್ಣದ ಬಟ್ಲ ತೋರಸ್ತೀನಿ!"

ಮಾಲಾ ತೊಳೆದಿಟ್ಟುಬಿಟ್ಟಿದ್ದಳು. ತಾರಸಿಯ ಮೇಲಿದ್ದವರು ಜೈಕಾರ ಹಾಕಿದರು, ಈ ಸಲ ಸೊರಬದವರೂ ದನಿಗೂಡಿಸಿದರು. ನಿಜ ಗೊತ್ತಿದ್ದ ನಾನು ಬಾಯಿ ತೆರೆದೆ. ಹಿಂದಿನ ಬೈಗುಳ ನೆನಪಾಗಿ ಮುಚ್ಚಿದೆ.

ಸೋಮವಾರ ಬೆಳಿಗ್ಗೆ ಆನಂದಪ್ಪ ಖಾಕಿ ಅಂಗಿ ತೊಟ್ಟು, ತನ್ನ ಕಾಲ ಮೇಲೆ ತಾನು ನಡೆದು ಬಸ್‌ಸ್ಟ್ಯಾಂಡಿಗೆ ಬಂದ. ಜೊತೆಗೆ ನಾನಿದ್ದೆ. ನಿಧಾನವಾಗಿ ಬಂದ, ನಡುನಡುವೆ ನಿಂತು ಬಂದ, ಆದರೆ ಯಾರ ಹೆಗಲನ್ನೂ ಹಿಡಿಯಲಿಲ್ಲ. ಬಸ್ಸಿನ ಬಾಗಿಲ ಕಂಬದ ಮೇಲೆ ಕೈಯಿಟ್ಟಾಗ ಅವನ ಮುಖ ನೋಡಬೇಕಿತ್ತು. ಇಷ್ಟು ದಿನದಲ್ಲಿ ಅವನು ನಕ್ಕದ್ದನ್ನು ನಾನು ಕಂಡದ್ದು ಎರಡನೆಯ ಸಲ.

ನಾಗರಾಜಪ್ಪ ಸಾವ್ಕಾರರು ಹಾರ ಹಿಡಿದು ಕಾಯುತ್ತಿದ್ದರು. ಬಸ್ಸಿನ ಮುಂದಿನ ಗಾಜಿಗೆ ಆನಂದಪ್ಪನೂ ಸಿಡಿಲೂ ಜೊತೆಗೆ ನಿಂತ ಫೋಟೊ ಅಂಟಿಸಿದ್ದರು.

"ಬಂದೆ ನೋಡ್ರಿ ಸಾವ್ಕಾರ್ರೆ, ಹೇಳಿದಂಗ" ಎಂದ ಆನಂದಪ್ಪ.

"ಬಂದ್ಯಪ್ಪಾ ಬಂದಿ! ಆದರ ನೀನೀಗ ಟಿಕೆಟ್ ಹರಿಯೋ ಮನಷ್ಯಾ ಅಲ್ಲಲೇ. ಎರಡು ತಾಲ್ಲೂಕಿನ ಆಸ್ತಿ. ಬಾಗಲದಾಗ ನಿಂತು ಬಿದ್ದುಗಿದ್ದಿ ಅಂದ್ರ ಜನ ನನ್ನ ಬಸ್ಸಿಗೆ ಬೆಂಕಿ ಹಚ್ಚತಾರ. ಕೆಲಸ ಶರತ್ ನೋಡಕೊಂತಾನ. ನೀನು ದಿನಾ ಬಂದು ಮುಂದಿನ ಸೀಟಿನಾಗ ಕೂಡು. ನಿನ್ನ ನೋಡಾಕಂತ ಜನ ಹತ್ತತಾರ."

"ನನಗ ಕೂಡೋದು ಬ್ಯಾಡ್ರಿ. ನಿಲ್ತೀನ್ರಿ. ಡಾಕ್ಟರು ಕೂಡಬ್ಯಾಡ ಅಂದಾರ್ರಿ."

"ಯಾವ ಡಾಕ್ಟರು? ಎಕ್ಸ್‌ರೇ ತೆಗಸದ ಡಾಕ್ಟರೇನು?" ಎಂದು ಬಸ್ಸಿನೊಳಗಿನಿಂದ ಯಾರೋ ಕೇಳಿದರು. ಎಲ್ಲರೂ ನಕ್ಕರು. ಪ್ರೀತಿಯಿಂದಲೇ ನಕ್ಕರು. ನಾಲ್ಕು ಕೈ ಬಂದವು, ತೋಳು ಹಿಡಿದು ಅವನನ್ನು ಡ್ರೈವರಿನ ಹಿಂದಿನ ಸೀಟಿನಲ್ಲಿ ಕೂರಿಸಿದವು. ಒಬ್ಬಳು ಮುದುಕಿ ತನ್ನ ಗಂಟಿನಿಂದ ಒಂದು ಪೌಂಡು ಬ್ರೆಡ್ಡು ತೆಗೆದು ಅವನ ತೊಡೆಯ ಮೇಲಿಟ್ಟಳು.

"ರೆಸ್ಟ್ ತಗೋಳ್ರಿ ಆನಂದಣ್ಣ."

ಶರತ್ ಬಾಗಿಲ ಕಂಬ ಹಿಡಿದ. ನಾನೂ ಹತ್ತಿ, ಪಕ್ಕದಲ್ಲಿ ಕೂತು ಆನಂದಪ್ಪನನ್ನು ನೋಡುತ್ತಿದ್ದೆ. ಅವನ ತುಟಿ ತೆರೆಯಿತು. ಅಷ್ಟರಲ್ಲಿ "ರೈಟ್" ಎಂದ ಶರತ್, ಬಸ್ಸು ಹೊರಟಿತು. ಬಳ್ಳಿಗಾವಿ ಕ್ರಾಸಿನಲ್ಲಿ ಹಾಗೆಯೇ ಆಯಿತು. ಶಿರಾಳಕೊಪ್ಪದಲ್ಲೂ ಆಯಿತು. ಆಮೇಲೆ ಅವನು ತುಟಿ ತೆರೆಯುವುದನ್ನೂ ಬಿಟ್ಟ. ಬ್ರೆಡ್ಡಿನ ಮೇಲೆ ಕೈಯಿಟ್ಟು ಕಿಟಕಿಯಾಚೆ ನೋಡುತ್ತ ಕೂತ.

ಸೊರಬದಲ್ಲಿ ಎಲ್ಲರೂ ಇಳಿದರು. ಆನಂದಪ್ಪ ಏಳಲು ನೋಡಿದ, ಆಗಲಿಲ್ಲ. ಕೂತು ಕೂತು ಸೊಂಟ ಮತ್ತೆ ಹಿಡಿದುಕೊಂಡಿತ್ತು. ನಾನು ಎಬ್ಬಿಸಲು ಹೋದೆ. ಕೆಳಗಿನಿಂದ ಶರತ್ ಬಗ್ಗಿ ನೋಡಿ ಕೈ ಅಡ್ಡ ಮಾಡಿದ.

"ಏಳಬ್ಯಾಡ್ರಿ ಅಣ್ಣಾರೆ, ಆರಾಮ ಕುಂತಿರ್ರಿ. ಇದೇ ಬಸ್ಸು ವಾಪಸ್ ಹೊಕ್ಕೈತಿ."

ಆನಂದಪ್ಪ ನನ್ನ ಮುಖ ನೋಡಿದ. ಏನಾದರೂ ಹೇಳಬೇಕಲ್ಲ ಎಂದು ನಾನು ಹೇಳಿದೆ: "ಹೌದಪ್ಪ, ಸ್ವಲ್ಪ ರೆಸ್ಟ್ ಮಾಡು."